ಇಂಗ್ಲಿಷ್ ಸರ್ ಕಲಿಸದೆ ಬಿಟ್ಟ ಶಬ್ದ

ನನ್ನ ತರಗತಿಗೂ ಅವರ ತರಗತಿಗೂ ನಡುವೆ ಗೋಡೆ ಇರಲಿಲ್ಲ. ಮಸ್ಕಿಯ ನಮ್ಮ ಸರ್ಕಾರಿ ಪ್ರೌಢಶಾಲೆಯಲ್ಲಿ ಕೋಣೆಗಳು ಕಡಿಮೆ, ಮಕ್ಕಳು ಹೆಚ್ಚು. ಹಾಗಾಗಿ ಒಂದು ದೊಡ್ಡ ಕೋಣೆಯ ನಡುವೆ ಎರಡು ಕಬ್ಬಿಣದ ಅಲಮಾರಿಗಳನ್ನು ಅಡ್ಡ ನಿಲ್ಲಿಸಿ, ಈಚೆ ಒಂಬತ್ತನೇ ತರಗತಿ, ಆಚೆ ಹತ್ತನೇ ತರಗತಿ ಎಂದು ಮಾಡಿದ್ದರು. ಈಚೆ ನಾನು ಕನ್ನಡ ಕಲಿಸುತ್ತಿದ್ದೆ, ಆಚೆ ಅವರು ಇಂಗ್ಲಿಷ್. ನಾನು ಹಳಗನ್ನಡದ ಪದ್ಯವೊಂದನ್ನು ಬಿಡಿಸಿ ಹೇಳುತ್ತಿರುವಾಗ ಅಲಮಾರಿಯ ಸಂದಿನಿಂದ "ಅನ್‌ಹ್ಯಾಪಿ! ಅನ್‌ಕೈಂಡ್! ಅನ್‌ಟ್ರೂ!" ಎಂದು ಇಡೀ ತರಗತಿ ಕೂಗುವುದು ಕೇಳುತ್ತಿತ್ತು. ನನ್ನ ಮಕ್ಕಳ ಕಿವಿ ಅತ್ತ ಹೋಗುತ್ತಿತ್ತು, ನನ್ನ ಪಿತ್ತ ನೆತ್ತಿಗೇರುತ್ತಿತ್ತು.

ಆ ಮನುಷ್ಯ ಹೋದ ವಾರ ಲಿಂಗಸುಗೂರಿನಲ್ಲಿ ತೀರಿಕೊಂಡರು. ನಾನು ಸಿಂಧನೂರಿನಿಂದ ಹೋಗಿ ಅವರ ಹೆಂಡತಿಯ ಪಕ್ಕದಲ್ಲಿ ಚಾಪೆಯ ಮೇಲೆ ಸ್ವಲ್ಪ ಹೊತ್ತು ಕೂತು ಬಂದೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ಯಾರಾದರೂ ತಮ್ಮನ್ನು ಹೊಗಳಲು ಬಾಯಿ ತೆರೆದರೆ ಸಾಕು, ಚಹಾದ ಲೋಟ ಹಿಡಿದು ಮುಖ ತಿರುಗಿಸಿ ಕೂತುಬಿಡುತ್ತಿದ್ದರು. ನಾವೆಲ್ಲ ಅವರನ್ನು ಇಂಗ್ಲಿಷ್ ಸರ್ ಎನ್ನುತ್ತಿದ್ದೆವು. ಅವರು ನನ್ನನ್ನು, ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವ ರೂಢಿಯಂತೆ, ಅಕ್ಕಾರು ಎನ್ನುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಎಷ್ಟೋ ದೊಡ್ಡವರು, ಆದರೂ ಒಂದು ದಿನವೂ ನನ್ನನ್ನು ರೀ ಬಿಟ್ಟು ಮಾತಾಡಿಸಿದವರಲ್ಲ.

ಇಂಗ್ಲಿಷ್ ವ್ಯಾಕರಣದಲ್ಲಿ ಶಬ್ದದ ಮುಂದೆ ಎರಡು ಮೂರು ಅಕ್ಷರ ಹಚ್ಚಿ ಅರ್ಥವನ್ನು ತಿರುವುಮುರುವು ಮಾಡುವ ಪಾಠ ಒಂದಿದೆಯಲ್ಲ, ಅದು ಅವರ ಪ್ರೀತಿಯ ಪಾಠ. ಉಳಿದ ಶಿಕ್ಷಕರು ಅದನ್ನು ಅರ್ಧ ಪಿರಿಯಡ್‌ನಲ್ಲಿ ಮುಗಿಸಿ ಮುಂದೆ ಹೋಗುತ್ತಾರೆ. ಇವರು ವಾರಗಟ್ಟಲೆ ಎಳೆಯುತ್ತಿದ್ದರು. ವರ್ಷ ವರ್ಷ ಕೇಳಿ ಕೇಳಿ ಆ ಪಾಠ ನನಗೆ ಬಾಯಿಪಾಠವಾಗಿ ಹೋಗಿತ್ತು.

ಶುರು ಮಾಡುವುದು ಹೀಗೆ. "ಯಾರ್ ಮನ್ಯಾಗ ಬೈಸ್ಕೊಂಡು ಬಂದೀರಿ ಇವತ್ತ? ಕೈ ಎತ್ರಿ." ಅರ್ಧ ತರಗತಿ ಕೈ ಎತ್ತುತ್ತಿತ್ತು. "ಏನಂತ ಬೈದ್ರು?" ಯಾರೋ ಒಬ್ಬ ಧೈರ್ಯ ಮಾಡಿ "ನಾಲಾಯಕ್ ಅಂದ್ರುರೀ" ಎನ್ನುತ್ತಿದ್ದ. "ಶಾಬಾಸ್. ಲಾಯಕ್ ಅಂದ್ರ ಯೋಗ್ಯ. ಮುಂದ 'ನಾ' ಬಂದು ಕುಂತತಿ, ನೀ ಕೆಟ್ಟಿ. ಇನ್ನೊಂದು?" ಬೇಜವಾಬ್ದಾರಿ, ಬೇಶರಮ್, ಗೈರ್‌ಹಾಜರಿ, ನಾಮಂಜೂರು ಎಂದು ಒಂದೊಂದೇ ಹೊರಬರುತ್ತಿದ್ದವು. ನಿಜಾಮನ ಕಾಲದಿಂದ ನಮ್ಮ ಹಳ್ಳಿಹಳ್ಳಿಗೂ ಬಂದು ಕೂತ ಶಬ್ದಗಳು ಇವು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯರ ಬಾಯಲ್ಲೂ ಇವೆ. "ನೋಡ್ರಿ, ನಿಮ್ಮವ್ವ ನಿಮಗ ಇಂಗ್ಲಿಷ್ ಗ್ರಾಮರ್ ಕಲಿಸೇ ಕಳಸ್ಯಾಳ. ಆಕಿ ನಾ ಅಂತಾಳ, ಬೇ ಅಂತಾಳ, ಗೈರ್ ಅಂತಾಳ. ಇಂಗ್ಲಿಷಿನ್ಯಾಗ ಅನ್ ಅಂತಾರ, ಇನ್ ಅಂತಾರ, ಡಿಸ್ ಅಂತಾರ. ಇಷ್ಟಽ ಫರಕು." ಆಮೇಲೆ ದನಿ ತಗ್ಗಿಸಿ, "ನಮ್ಮನ್ಯಾಕಿಗೆ ಸಿಟ್ಟು ಬಂದ್ರ ಒಂದಽ ಉಸಿರಿನ್ಯಾಗ ಇಡೀ ಪಾಠ ಮುಗಸ್ತಾಳ" ಎನ್ನುತ್ತಿದ್ದರು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ಈಚೆ ನನ್ನ ಮಕ್ಕಳೂ ನಗುತ್ತಿದ್ದವು.

ಒಂದು ಸಲ ನಾನು ತಡೆಯಲಾರದೆ ಊಟದ ಹೊತ್ತಿನಲ್ಲಿ ಕೇಳಿಯೇಬಿಟ್ಟೆ. "ಏನ್ರಿ ಸರ್, ಎಲ್ಲಾರನ್ನೂ ಕರದು ಕುಂದರಸ್ತೀರಿ. ನಮ್ಮ ಅಕಾರ ಏನ್ ಪಾಪ ಮಾಡೈತ್ರಿ? ನ್ಯಾಯ ಅನ್ಯಾಯ, ಸಾಧ್ಯ ಅಸಾಧ್ಯ ನಿಮಗ ಕಾಣಂಗಿಲ್ಲೇನು?" ಅವರು ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿ, "ಅಕ್ಕಾರ, ಅದು ನಿಮ್ಮ ಸೊತ್ತು. ಕೇಳದ ಹೆಂಗ ಮುಟ್ಟಲಿ?" ಎಂದರು. ಮರುದಿನದಿಂದ ಅಲಮಾರಿಯ ಆಚೆ ಅನ್ಯಾಯವೂ ಅಸಾಧ್ಯವೂ ಸೇರಿಕೊಂಡವು. ಪ್ರತಿ ಸಲ ಆ ಭಾಗ ಬಂದಾಗ ದನಿ ಏರಿಸಿ, "ಇದು ಬಾಜೂಕಿನ ಅಕ್ಕಾರ ಕೊಟ್ಟ ಮಾಲು" ಎಂದು ಸಾರುತ್ತಿದ್ದರು. ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು, ಮುಖ ಮಾತ್ರ ಗಂಟು ಹಾಕಿಕೊಂಡು ಇರುತ್ತಿದ್ದೆ.

ಪಾಸಿಬಲ್‌ಗೆ ಯಾಕೆ ಇಮ್ ಬರುತ್ತದೆ, ಇನ್ ಯಾಕೆ ಬರುವುದಿಲ್ಲ ಎಂದು ಯಾರಾದರೂ ಕೇಳಿದರೆ, ಎಲ್ಲರಿಗೂ ತುಟಿಯ ಮೇಲೆ ಬೆರಳಿಟ್ಟುಕೊಳ್ಳಲು ಹೇಳುತ್ತಿದ್ದರು. "ಪ ಅನ್ರಿ. ತುಟಿ ಕೂಡತಾವಿಲ್ಲ? ಮ ಅನ್ರಿ. ಅದಕ್ಕೂ ಕೂಡತಾವ. ತುಟಿ ಕೂಡೋ ಅಕ್ಷರ ತನ್ನ ಮುಂದ ತುಟಿ ಕೂಡೋದನ್ನಽ ಕರೀತೈತಿ. ಬಾಯಿ ಸುಖ ಬೇಡತೈತ್ರಿ, ಗ್ರಾಮರ್ ಆಮ್ಯಾಲಿಂದು." ಇಷ್ಟು ಸರಳವಾಗಿ ನನಗೆ ಯಾರೂ ಸಂಧಿಯನ್ನು ಹೇಳಿಕೊಟ್ಟಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಈ ಪಾಠ ನಡೆಯುವ ವಾರ ಶಾಲೆಗೆ ಹುಚ್ಚು ಹಿಡಿಯುತ್ತಿತ್ತು. ಎಲ್ಲದಕ್ಕೂ ಅನ್ ಹಚ್ಚಿ ಮಾತಾಡುವುದು. ಬಿಸಿಯೂಟದ ದಿನ ಮೊಟ್ಟೆ ಬರದಿದ್ದರೆ "ಇವತ್ತು ಅನ್‌ಮೊಟ್ಟೆ" ಎಂದು ಸುದ್ದಿ ಹಬ್ಬುತ್ತಿತ್ತು. ಒಬ್ಬ ಹುಡುಗ ಅಕ್ಕನ ಮದುವೆಗೆ ರಜೆ ಕೇಳುತ್ತ ಬಾಗಿಲಲ್ಲಿ ನಿಂತು, "ಸರ್, ಟುಮಾರೊ ಐ ಆಮ್ ಅನ್‌ಕಮ್" ಎಂದಿದ್ದ. ಬೇರೆಯವರಾದರೆ ಬೈಯುತ್ತಿದ್ದರು. ಇವರು ಗಂಭೀರವಾಗಿ, "ಹೋಗಿ ಬಾ. ನಾಡದು ಮಾತ್ರ ಅನ್‌ಕಮ್ ಆಗಬ್ಯಾಡ" ಎಂದು ಕಳಿಸಿದರು.

ನಮ್ಮ ಶಾಲೆ ಸಿಂಧನೂರು-ಲಿಂಗಸುಗೂರು ರಸ್ತೆಗೆ ಹತ್ತಿಕೊಂಡೇ ಇದೆ. ಪಾಠದ ಮಧ್ಯೆ ಒಮ್ಮೊಮ್ಮೆ ಅವರು ಕಿಟಕಿಯ ಕಡೆ ಕಣ್ಣಿಟ್ಟಿರುತ್ತಿದ್ದರು. ಪೆಟ್ರೋಲ್ ಟ್ಯಾಂಕರ್ ಬರುವುದು ಕಂಡರೆ, "ಓಡ್ರಿ! ಹಿಂದ ಏನ್ ಬರದಾರ ಓದ್ಕೊಂಡು ಬರ್ರಿ!" ಎಂದು ಕೂಗುತ್ತಿದ್ದರು. ಇಡೀ ತರಗತಿ ಕಾಂಪೌಂಡಿನ ತನಕ ಓಡಿ, ಏದುಸಿರು ಬಿಡುತ್ತ ಬಂದು, "ಇನ್‌ಫ್ಲೇಮಬಲ್ ಸರ್" ಎನ್ನುತ್ತಿತ್ತು. "ಅಂದ್ರ?" "ಬೆಂಕಿ ಹತ್ತಂಗಿಲ್ಲ ಸರ್!" ಆಗ ಅವರು ತಲೆಯ ಮೇಲೆ ಎರಡೂ ಕೈ ಹೊತ್ತುಕೊಳ್ಳುತ್ತಿದ್ದರು. "ಮುಗೀತು. ಬೀಡಿ ಹಚ್ಕೊಂಡು ಅದರ ಬಾಜೂಕ ನಿಂದರ್ರಿ ಹಂಗಾದ್ರ. ಹತ್ತತೈತ್ರಪಾ, ಭಗ್ ಅಂತ ಹತ್ತತೈತಿ. ಇದೊಂದು ನನ್ನ ಮಾತು ಕೇಳಂಗಿಲ್ಲ ನೋಡ್ರಿ, ಮೊಂಡು ಶಬ್ದ." ಹೇಳಿದ್ದನ್ನು ಒಂದು ಸಲ ಸುಳ್ಳು ಮಾಡಿ ತೋರಿಸಿದರೆ ಮಕ್ಕಳು ಸಾಯುವ ತನಕ ಮರೆಯುವುದಿಲ್ಲ ಎಂಬುದು ಅವರ ನಂಬಿಕೆ. ಮಕ್ಕಳು ಓಡುತ್ತಿದ್ದವು, ಅವರು ಮಾತ್ರ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ.

ಅವರು ಯಾರ ಮುಂದೆಯೂ ನಡೆಯುತ್ತಿರಲಿಲ್ಲ. ಇದು ನನಗೆ ಹೊಳೆಯಲು ಎಷ್ಟೋ ಕಾಲ ಬೇಕಾಯಿತು. ಎಳವೆಯಲ್ಲಿ ಪೋಲಿಯೊ ಬಂದು ಅವರ ಎಡಗಾಲು ಸಣಕಲಾಗಿತ್ತು. ಹೆಜ್ಜೆ ಇಟ್ಟರೆ ಇಡೀ ಮೈ ಒಂದು ಕಡೆ ವಾಲುತ್ತಿತ್ತು, ಎಡಗೈಯಿಂದ ತೊಡೆಯನ್ನು ಒತ್ತಿ ಹಿಡಿದು ಮುಂದಿನ ಹೆಜ್ಜೆ ಇಡಬೇಕಾಗುತ್ತಿತ್ತು. ಅದಕ್ಕೇ ಅವರು ಲಿಂಗಸುಗೂರಿನಿಂದ ಮೊದಲ ಬಸ್ಸಿಗೆ ಬಂದು, ಜವಾನ ಬೀಗ ತೆಗೆಯುವ ಹೊತ್ತಿಗೇ ತರಗತಿಯಲ್ಲಿ ಕೂತಿರುತ್ತಿದ್ದರು. ಸಂಜೆ ಮಕ್ಕಳೆಲ್ಲ ಹೋಗಿ, ನಾವೂ ಬಸ್ ಹಿಡಿದು ಹೋದ ಮೇಲೆ ಎದ್ದು ಹೋಗುತ್ತಿದ್ದರು. ನಮಗೆಲ್ಲ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಅಂಗವಿಕಲರ ಪ್ರಮಾಣಪತ್ರ ಮಾಡಿಸಿದ್ದರೆ ಬಸ್ ಪಾಸು, ವಾಹನ ಭತ್ಯೆ, ಮನೆಯ ಹತ್ತಿರಕ್ಕೇ ವರ್ಗಾವಣೆ, ಎಲ್ಲ ಸಿಗುತ್ತಿತ್ತು. ಹೆಡ್‌ಮಾಸ್ತರು ಒಂದು ಸಲ ಆ ಮಾತು ಎತ್ತಿದಾಗ ಇವರು, "ಬಸ್ ಹತ್ತಾಕ ಬರತೈತಲ್ರಿ ನನಗ" ಎಂದು ಮಾತು ಮುರಿದರು. ಅವರ ದನಿಯಲ್ಲಿ ಆ ಗಡಸು ನಾನು ಅದೇ ಮೊದಲು ಕೇಳಿದ್ದು.

ಅಲಮಾರಿಯ ಈಚೆ ಕೂತು ಇನ್ನೊಂದನ್ನೂ ಗಮನಿಸಿದ್ದೆ. ಡಿಸ್ ಬಂದಾಗ ಅವರು ಡಿಸ್‌ಲೈಕ್ ಹೇಳುತ್ತಿದ್ದರು, ಡಿಸ್‌ಒಬೇ ಹೇಳುತ್ತಿದ್ದರು, ಡಿಸ್‌ಆನೆಸ್ಟ್ ಹೇಳುತ್ತಿದ್ದರು. ಡಿಸ್ ಹಚ್ಚಿದರೆ ಅಂಗವಿಕಲ ಎಂದಾಗುವ ಏಬಲ್ ಎಂಬ ಶಬ್ದ ಪುಸ್ತಕದಲ್ಲಿ ಅವುಗಳ ಜೊತೆಗೇ ಇತ್ತು. ಅದನ್ನು ಮಾತ್ರ ಅವರು ದಾಟಿ ಹೋಗುತ್ತಿದ್ದರು. ಮಕ್ಕಳೂ ಸುಮ್ಮನೆ ದಾಟುತ್ತಿದ್ದವು. ಮಕ್ಕಳಿಗೆ ಎಲ್ಲ ತಿಳಿಯುತ್ತದೆ.

ಅವರು ನಿವೃತ್ತರಾಗಬೇಕಿದ್ದ ವರ್ಷ ಹತ್ತನೇ ತರಗತಿಯಲ್ಲಿ ಹುಲಿಗೆಮ್ಮ ಎಂಬ ಹುಡುಗಿ ಇದ್ದಳು. ಮಸ್ಕಿಯವಳೇ. ಒಂಬತ್ತರಲ್ಲಿ ನನ್ನ ಕೈಯಲ್ಲಿ ಓದಿದ್ದಳು. ಬಾಯಿ ಬಡಬಡಕಿ, ಇಡೀ ಶಾಲೆಗೆ ಕೇಳುವ ದನಿ, ಬರೆದರೆ ಮುತ್ತಿನಂಥ ಅಕ್ಷರ. ಆ ಬೇಸಿಗೆ ರಜೆಯಲ್ಲಿ ದಢೇಸುಗೂರಿನ ಚಿಕ್ಕವ್ವನ ಮನೆಗೆ ಹೋಗಿದ್ದಾಗ ಮೇವು ಕತ್ತರಿಸುವ ಯಂತ್ರಕ್ಕೆ ಅವಳ ಬಲಗೈ ಸಿಕ್ಕಿತು. ಹೆಬ್ಬೆರಳೊಂದು ಉಳಿಯಿತು. ಶಾಲೆ ಶುರುವಾಗಿ ತಿಂಗಳುಗಳ ಮೇಲೆ ಬಂದಳು, ಬಲಗೈಯನ್ನು ವೇಲ್‌ನೊಳಗೆ ಸುತ್ತಿಕೊಂಡು. ಬಡಬಡಕಿ ಮಾತು ನಿಂತುಹೋಗಿತ್ತು. ಎಡಗೈಯಿಂದ ಬರೆಯಲು ಕಲಿತಳು, ಆದರೆ ಒಂದು ಸಾಲು ಮುಗಿಸುವಷ್ಟರಲ್ಲಿ ಉಳಿದವರು ಪುಟ ಮುಗಿಸುತ್ತಿದ್ದರು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಎಲ್ಲ ವಿಷಯದಲ್ಲೂ ಅರ್ಧ ಪತ್ರಿಕೆ ಖಾಲಿ ಬಿಟ್ಟಿದ್ದಳು. ಅವಳಿಗೆ ಎಲ್ಲ ಬರುತ್ತಿತ್ತು, ಬರೆಯಲು ಆಗುತ್ತಿರಲಿಲ್ಲ.

ಇದಕ್ಕೆ ದಾರಿ ಇತ್ತು. ಅಂಗವಿಕಲರ ಪ್ರಮಾಣಪತ್ರ ಇದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯ ಕೊಡುತ್ತಾರೆ. ಕೆಳಗಿನ ತರಗತಿಯ ಮಗು ಒಂದು ಪಕ್ಕದಲ್ಲಿ ಕೂತು, ಇವಳು ಹೇಳಿದ್ದನ್ನು ಬರೆದುಕೊಡುತ್ತದೆ. ಲಿಂಗಸುಗೂರಿನ ಆಸ್ಪತ್ರೆಯಲ್ಲಿ ತಪಾಸಣೆಯ ಶಿಬಿರ ಇತ್ತು. ಅದು ತಪ್ಪಿದರೆ ಆ ವರ್ಷದ ಮಟ್ಟಿಗೆ ಮುಗಿಯಿತು. ಹತ್ತು ಫೇಲಾದ ಹೆಣ್ಣುಮಗುವನ್ನು ನಮ್ಮ ಕಡೆ ಮತ್ತೆ ಶಾಲೆಗೆ ಕಳಿಸುವುದು ಎಲ್ಲಿಯ ಮಾತು. ನಾನು ಅವಳ ತಾಯಿಯನ್ನು ಕರೆಸಿದೆ. ಕೂಲಿ ಬಿಟ್ಟು ಬಂದಿದ್ದ ಆ ತಾಯಿ ಬಾಗಿಲ ಹೊರಗೇ ನಿಂತು ಹೇಳಿದಳು.

"ಬ್ಯಾಡ್ರಿ ಅಕ್ಕಾರ. ಈಗ ಯಾರಾದ್ರೂ ಕೇಳಿದ್ರ ಕೈಗಿ ಪೆಟ್ಟಾಗೈತಿ, ಆರಾಮ ಆಗತೈತಿ ಅಂತೀವಿ. ಸರ್ಕಾರದ ಸಿಕ್ಕಾ ಬಿದ್ರ ಅದು ಖಾಯಂ ಆಗತೈತ್ರಿ. ನಾಳಿ ಇಕಿನ್ನ ಯಾರ್ ಮಾಡ್ಕೋತಾರ?"

"ಓದಿಸೋದು ಬಿಟ್ಟು ಮದಿವಿ ಚಿಂತಿ ಮಾಡಾಕತ್ತೀಯಲ್ಲವಾ!" ಎಂದು ನಾನು ಸಿಟ್ಟಿಗೆದ್ದೆ. ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೊರಟುಹೋದಳು. ಹುಲಿಗೆಮ್ಮನನ್ನು ಕರೆದು ಕೇಳಿದರೆ ಅವಳದೂ ಅದೇ ಮಾತು, ಬ್ಯಾಡ. ಹೆಡ್‌ಮಾಸ್ತರು ಹೇಳಿದರು, ಗಣಿತದ ಮೇಡಂ ಹೇಳಿದರು. ಅವಳು ನೆಲ ನೋಡುತ್ತ ನಿಲ್ಲುತ್ತಿದ್ದಳೇ ಹೊರತು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಇಂಗ್ಲಿಷ್ ಸರ್ ಮಾತ್ರ ಈ ವಿಷಯದಲ್ಲಿ ತುಟಿ ಬಿಚ್ಚಲಿಲ್ಲ. ಅವರ ಬಗ್ಗೆ ನನಗೆ ಬೇಸರವೇ ಆಯಿತು.

ಶಿಬಿರಕ್ಕೆ ಇನ್ನು ಕೆಲವೇ ದಿನ ಇದ್ದವು. ಅಲಮಾರಿಯ ಆಚೆ ಪುನರಾವರ್ತನೆ ನಡೆದಿತ್ತು. ಒಬ್ಬೊಬ್ಬರು ಎದ್ದು ನಿಂತು ಒಂದು ಶಬ್ದ ಕೊಡುವುದು, ಉಳಿದವರು ಅದರ ಮುಂದೆ ಏನು ಹಚ್ಚಬೇಕೆಂದು ಕೂಗುವುದು. ರೆಗ್ಯುಲರ್ ಬಂತು, ಲೀಗಲ್ ಬಂತು, ಪೇಷಂಟ್ ಬಂತು. ಆಮೇಲೆ ತಿಂಗಳುಗಟ್ಟಲೆ ಕೇಳದಿದ್ದ ದನಿ ಕೇಳಿತು. ಹುಲಿಗೆಮ್ಮ.

"ಏಬಲ್ ಸರ್."

ಯಾರೂ ಕೂಗಲಿಲ್ಲ. ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಬೋರ್ಡಿನ ಮೇಲೇ ನಿಂತಿತು.

"ಅನ್‌ಏಬಲ್," ಎಂದರು ಸರ್. "ಆಗದೆ ಇರೋದು."

"ಇನ್ನೊಂದು ಐತಲ್ರಿ ಸರ್. ಎಲ್ಲಾರೂ ನನಗ ಅದಽ ತಗೊಂಡು ಬಾ ಅನ್ನಾಕತ್ತಾರ."

ಆಚೆ ಪುಸ್ತಕ ಮುಚ್ಚಿದ ಸದ್ದು ಕೇಳಿತು. ಅವಳು ಬಿಡಲಿಲ್ಲ.

"ಆ ಸರ್ಟಿಫಿಕೇಟು ನಿಮ್ಮ ಹಂತ್ಯಾಕ ಐತೇನ್ರಿ ಸರ್?"

ಈಚೆ ನನ್ನ ಮಕ್ಕಳೂ ಬರೆಯುವುದು ಬಿಟ್ಟು ಅಲಮಾರಿಯ ಕಡೆ ತಿರುಗಿದ್ದವು. ಅಲಮಾರಿ ದಾಟಿ ಹೋಗಿ ಅವಳ ಬಾಯಿ ಮುಚ್ಚಿಸಬೇಕೆಂದು ನನಗೆ ಅನ್ನಿಸಿತು. ಅಷ್ಟರಲ್ಲಿ ಅವರ ದನಿ ಬಂತು.

"ಇಲ್ಲವಾ."

"ಮತ್ತ ನನಗ ಯಾಕ್ರಿ?"

ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳಿದ ಪ್ರಶ್ನೆ ಅದು. ಅವತ್ತು ಜವಾನ ತರಗತಿಗೇ ತಂದುಕೊಟ್ಟ ಚಹಾವನ್ನು ಅವರು ಮುಟ್ಟಲಿಲ್ಲ. ಊಟದ ಡಬ್ಬಿಯೂ ಬಿಚ್ಚಲಿಲ್ಲ ಎಂದು ಜವಾನ ಹೇಳಿದ.

ಸಂಜೆ ಗಂಟೆ ಹೊಡೆಯಿತು. ಮಕ್ಕಳು ಗದ್ದಲ ಮಾಡುತ್ತ ಗೇಟಿನ ಕಡೆ ನುಗ್ಗುತ್ತಿದ್ದವು. ನಾನು ಚೀಲ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದು ನೋಡಿದರೆ, ಮೈದಾನದ ನಡುವೆ, ಅಷ್ಟೂ ಮಕ್ಕಳ ಮಧ್ಯೆ, ಇಂಗ್ಲಿಷ್ ಸರ್ ನಡೆದುಕೊಂಡು ಹೋಗುತ್ತಿದ್ದರು. ಎಡಗೈ ತೊಡೆಯ ಮೇಲೆ, ಮೈ ವಾಲಿಸಿ, ಒಂದೊಂದೇ ಹೆಜ್ಜೆ. ಗದ್ದಲ ಇದ್ದಕ್ಕಿದ್ದಂತೆ ಇಳಿಯಿತು. ಓಡುತ್ತಿದ್ದ ಮಕ್ಕಳು ನಿಂತವು. ಯಾರೋ ಸಣ್ಣವನೊಬ್ಬ ಕಿಸಕ್ಕೆಂದ, ಪಕ್ಕದವನು ಅವನ ಬೆನ್ನಿಗೆ ಗುದ್ದಿದ. ಸರ್ ಯಾರನ್ನೂ ನೋಡಲಿಲ್ಲ. ನೇರ ಹುಲಿಗೆಮ್ಮನ ಹತ್ತಿರ ಹೋಗಿ, "ನಡೀವಾ, ನಿಮ್ಮನಿಗೆ ಹೋಗಾನು. ನಿಮ್ಮವ್ವನ ಕೂಡ ಮಾತಾಡೋದೈತಿ" ಎಂದರು. ನನ್ನನ್ನು ಕಂಡು, "ಅಕ್ಕಾರ, ನೀವೂ ಬರ್ರಿ. ಬಸ್ ಇನ್ನೊಂದು ಸಿಗತೈತಿ" ಎಂದರು.

ಅವಳ ಮನೆ ಗುಡ್ಡದ ಕಡೆಯ ಓಣಿಯಲ್ಲಿ. ಹಾದಿ ಪೂರ ಏರು. ಆಟೊ ಮಾಡೋಣ ಎಂದರೆ ಕೇಳಲಿಲ್ಲ. ಚಹಾದ ಅಂಗಡಿಯವರು, ಕಟ್ಟೆಯ ಮೇಲೆ ಕೂತವರು ನೋಡಿದರು, ಎಷ್ಟೋ ಜನ ಅವರ ಹಳೆಯ ವಿದ್ಯಾರ್ಥಿಗಳೇ. ಎದ್ದು ನಿಂತು ನಮಸ್ಕಾರ ಮಾಡಿದರು. ಸರ್ ಬೆವೆತು ಹೋಗಿದ್ದರು. ನನಗೆ ಅವರನ್ನು ನೋಡಲು ಸಂಕಟ, ನೋಡದಿರಲೂ ಸಂಕಟ. ಹುಲಿಗೆಮ್ಮ ಮೊದಲು ಮುಂದೆ ಮುಂದೆ ಹೋಗುತ್ತಿದ್ದಳು, ಆಮೇಲೆ ಹೆಜ್ಜೆ ಸಣ್ಣದು ಮಾಡಿ ಅವರ ಸಮಕ್ಕೆ ಬಂದಳು.

ತಾಯಿ ಗಾಬರಿಯಾಗಿ ಕೌದಿ ಹಾಸಿದಳು. ಸರ್ ಕೂತು, ನೀರು ಕುಡಿದು, ಪೀಠಿಕೆ ಏನೂ ಇಲ್ಲದೆ ಹೇಳಿದರು. "ತಂಗಿ, ನಾನೂ ಆ ಸಿಕ್ಕಾ ಹಾಕಿಸ್ಕೊಳ್ಳಾಕ ಹೊಂಟೀನಿ. ಒಬ್ಬನಽ ಹೋಗಾಕ ನಾಚಿಕಿ ಆಗತೈತಿ. ನಿನ್ನ ಮಗಳ್ನ ಜೋಡಿ ಕಳಸ್ತೀಯೇನು?"

ಆ ತಾಯಿ ಅವರ ಕಾಲನ್ನು ನೋಡಿದಳು, ಮಗಳನ್ನು ನೋಡಿದಳು. "ನೀವು ಇಷ್ಟು ದಿನ ತಗೊಂಡಿಲ್ಲೇನ್ರಿ?"

"ಇಲ್ಲ. ಅಂಜಿಕಿ ಇತ್ತು. ನಿನಗ ಈಗ ಐತಲ್ಲ, ಅದಽ ಅಂಜಿಕಿ."

ತಾಯಿ ಮಗಳ ಮುಖ ನೋಡಿದಳು. ಹುಲಿಗೆಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, "ಸರ್ ಬಂದ್ರ ಹೋಗತೀನಿ" ಎಂದಳು. ನಾವು ಇಷ್ಟು ಜನ ಹೇಳಿ ಹೇಳಿ ಸೋತದ್ದು ಹೀಗೆ ಬಗೆಹರಿಯಿತು. ನನಗೆ ಅವರ ಮೇಲಿದ್ದ ಬೇಸರ ಅಲ್ಲಿಯೇ ಕರಗಿಹೋಯಿತು. 

ಶಿಬಿರದ ದಿನ ನಾನು ಹುಲಿಗೆಮ್ಮನನ್ನು ಕರೆದುಕೊಂಡು ಲಿಂಗಸುಗೂರಿಗೆ ಹೋದೆ. ಸರ್ ಆಸ್ಪತ್ರೆಯ ಬೇವಿನ ಗಿಡದ ಕೆಳಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಮದುವೆಗೆ ಹೊರಟವರ ಹಾಗೆ ನಿಂತಿದ್ದರು. ಸರದಿ ಉದ್ದ ಇತ್ತು. ಹಟ್ಟಿ ಚಿನ್ನದ ಗಣಿಯ ಕಡೆಯಿಂದ ಬಂದ ಮುದುಕರಿದ್ದರು, ತಾಯಿಯ ಕಂಕುಳಲ್ಲಿ ಮಕ್ಕಳಿದ್ದವು, ನಿರಾಶ್ರಿತರ ಆರ್.ಎಚ್. ಕ್ಯಾಂಪಿನಿಂದ ಬಂದಿದ್ದ ಬಂಗಾಳಿ ಹೆಂಗಸೊಬ್ಬಳು ಕುರುಡು ಗಂಡನಿಗೆ ಚುರುಮುರಿ ತಿನ್ನಿಸುತ್ತಿದ್ದಳು. ಕಾಯುತ್ತ ಕೂತಾಗ ಸರ್ ತಮ್ಮ ತಂದೆಯ ಮಾತು ತೆಗೆದರು.

ತಂದೆ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದವರು. ಹಳ್ಳಿಹಳ್ಳಿಗೆ ಹೋಗುವಾಗ ಮಗನನ್ನು ಹತ್ತಿಯ ಗಂಟಿನ ಮೇಲೆ ಕೂರಿಸಿಕೊಂಡು ಹೊತ್ತು ತಿರುಗುತ್ತಿದ್ದರಂತೆ. ಶಾಲೆಗೆ ಸೇರಿಸುವ ದಿನ ಹೆಡ್‌ಮಾಸ್ತರು, ಹುಡುಗನ ಕಾಲಿಗೆ ಏನಾಗಿದೆ ಎಂದು ಕೇಳಿದರು. "ನಮ್ಮಪ್ಪ ಏನಂದ ಗೊತ್ತೈತೇನ್ರಿ? ಕಾಲೀಗಿ ಏನೂ ಆಗಿಲ್ಲ ಸಾಹೇಬ್ರ, ಸ್ವಲ್ಪ ಆಲಸಿ ಐತಿ ಅಷ್ಟಽ ಅಂದ." ಸರ್ ನಕ್ಕರು, ಹುಲಿಗೆಮ್ಮನೂ ನಕ್ಕಳು. "ಸಾಯೋತನಕ ಅಂವ ಹಂಗಽ ಅಂದ. ಕಾಗದ ಮಾಡಿಸಿದ್ರ ನಮ್ಮಪ್ಪನ್ನ ಸುಳ್ಳ ಮಾಡಿದಂಗ ಆಗತೈತಿ ಅನ್ನಿಸ್ತಿತ್ತು ನನಗ." ಎಡತೊಡೆ ನೀವಿಕೊಳ್ಳುತ್ತ, "ಅವಗೂ ಅಂಜಿಕಿನಽ ಇತ್ತು ಅಂತ ಮೊನ್ನೆ ತಿಳೀತು ನೋಡ್ರಿ, ಇಕಿ ಕೇಳಿದಾಗ" ಎಂದರು.

ಡಾಕ್ಟರು ಸಣ್ಣ ವಯಸ್ಸಿನವರು, ಒಳ್ಳೆಯ ಮಾತಿನವರು. "ಬಾಗಿಲ ತನಕ ನಡದು ತೋರಿಸ್ರಿ ಸರ್" ಎಂದರು. ಸರ್ ಅಷ್ಟೂ ಜನರ ಮುಂದೆ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ ಬಾಗಿಲ ತನಕ ಹೋಗಿ ತಿರುಗಿ ಬಂದರು. ಡಾಕ್ಟರು ಬರೆದುಕೊಳ್ಳುತ್ತ, "ಇಷ್ಟು ವರ್ಷ ಯಾಕ ಬಂದಿಲ್ರಿ? ಎಷ್ಟು ಸೌಲಭ್ಯ ಕಳಕೊಂಡೀರಿ ನೀವು" ಎಂದು ಮರುಗಿದರು. "ಜೋಡಿ ಸಿಕ್ಕಿರಲಿಲ್ರಿ" ಎಂದರು ಸರ್.

ಮುಂದಿನ ಸರದಿ ಹುಲಿಗೆಮ್ಮನದು. ಅವಳು ಕೈಯನ್ನು ವೇಲ್‌ನಿಂದ ಹೊರತೆಗೆದು ಮೇಜಿನ ಮೇಲೆ ಇಟ್ಟಳು, ಡಾಕ್ಟರು ನೋಡಿ ಮುಗಿಸುವುದೇ ತಡ ಮತ್ತೆ ಸುತ್ತಿಕೊಂಡಳು. ಹೊರಗೆ ಬಂದ ಮೇಲೆ ಬಸ್ ಸ್ಟ್ಯಾಂಡಿನ ತನಕ ವೇಲ್‌ನ ತುದಿಯನ್ನು ಬಿಗಿಯಾಗಿ ಹಿಡಿದೇ ನಡೆದಳು. ಅವಳ ದುಃಖ ಒಂದು ಸಹಿಯಿಂದ ಹೋಗುವಂಥದ್ದಾಗಿರಲಿಲ್ಲ, ಅದು ನನಗೂ ಗೊತ್ತಿತ್ತು, ಸರ್‌ಗೂ ಗೊತ್ತಿತ್ತು. ಅವರು ಅವಳನ್ನು ಸಮಾಧಾನ ಮಾಡಲು ಹೋಗಲಿಲ್ಲ. ಒಂದು ಪೊಟ್ಟಣ ಮಿರ್ಚಿ ಕೊಡಿಸಿ ನಮ್ಮನ್ನು ಬಸ್ ಹತ್ತಿಸಿದರು. ಸೌಲಭ್ಯ ಪಡೆಯಲು ಅವರ ನೌಕರಿ ಉಳಿದದ್ದೇ ಕೆಲವು ತಿಂಗಳು. ಆ ತಿಂಗಳುಗಳಲ್ಲಿ ಅವರು ಶಾಲೆ ಬಿಟ್ಟ ಮೇಲೆ ಮಕ್ಕಳ ಜೊತೆಗೇ ಗೇಟು ದಾಟಿ ಹೋದರು, ದಿನಾಲೂ.

ಇಂಗ್ಲಿಷ್ ಪತ್ರಿಕೆಯ ದಿನ ಅವರನ್ನು ಪರೀಕ್ಷಾ ಕೇಂದ್ರದ ಒಳಗೆ ಬಿಡುವಂತಿರಲಿಲ್ಲ, ಅವರದೇ ವಿಷಯ. ಗೇಟಿನ ಹೊರಗೆ, ಬಿಸಿಲಿನಲ್ಲಿ, ಮಕ್ಕಳ ಅಪ್ಪ ಅವ್ವಂದಿರ ಗುಂಪಿನಲ್ಲಿ ನಿಂತಿದ್ದರು. ಪಕ್ಕದಲ್ಲಿ ಹುಲಿಗೆಮ್ಮನ ತಾಯಿ, ಅವಳ ಪಕ್ಕ ನಾನು. ಗಂಟೆ ಹೊಡೆದು ಎಲ್ಲ ಮಕ್ಕಳು ಬಂದು ಹೋದರು. ಇವಳಿಗೆ ಹೆಚ್ಚಿನ ಸಮಯ ಇತ್ತಲ್ಲ, ನಾವು ಕಾದೆವು. ತಾಯಿ ಯಾವುದೋ ದೇವರನ್ನು ನೆನೆಯುತ್ತ ತುಟಿ ಅಲುಗಿಸುತ್ತಿದ್ದಳು. ಕೊನೆಗೆ ಹುಲಿಗೆಮ್ಮ ಬಂದಳು, ಮುಖ ಕೆಂಪಗೆ ಮಾಡಿಕೊಂಡು, ದಾಪುಗಾಲು ಹಾಕುತ್ತ. 

"ಏನಾತವಾ?" ಎಂದರು ಸರ್.

"ಏನ್ ಹುಡುಗಿನ್ನ ಕೊಟ್ಟೀರ್ರಿ ಸರ್ ನನಗ ಬರಿಯಾಕ!" ಎಂದು ಅವಳು ಇಡೀ ರಸ್ತೆಗೆ ಕೇಳುವಂತೆ ಸಿಡಿದಳು. "ಆಕಿಗೆ ಏನಂದ್ರ ಏನೂ ಬರಂಗಿಲ್ಲ! ನಾ ಇರ್‌ರೆಗ್ಯುಲರ್ ಅಂತೀನಿ, ಆಕಿ ಒಂದಽ ಆರ್ ಬರೀತಾಳ. ಎರಡು ಹಾಕಲೇ ಅಂದ್ರ ಸಾಕು ಬಿಡಕ್ಕ ಅಂತಾಳ! ಎಲ್ಲಾ ನಾನಽ ಒಂದೊಂದಕ್ಷರ ಹೇಳಿ ಬರಿಸೀನಿ. ಒಂದೂ ಬಿಟ್ಟಿಲ್ರಿ ಸರ್. ಒಂದೂ ಬಿಟ್ಟಿಲ್ಲ!"

ಗೇಟಿನ ಹತ್ತಿರ ಇದ್ದವರೆಲ್ಲ ತಿರುಗಿ ನೋಡಿದರು. ಅವಳು ಎರಡೂ ಕೈ ಬೀಸಿ ಬೀಸಿ, ಆ ಹುಡುಗಿ ಹೇಗೆ ಬರೆದಳು, ತಾನು ಹೇಗೆ ತಿದ್ದಿಸಿದೆ ಎಂದು ಗಾಳಿಯಲ್ಲೇ ಬರೆದು ತೋರಿಸುತ್ತಿದ್ದಳು. ಬಲಗೈಯಿಂದಲೇ. ವೇಲ್ ಹೆಗಲಿನಿಂದ ಜಾರಿ ಧೂಳಿನಲ್ಲಿ ಬಿದ್ದಿತ್ತು. ಅವಳಿಗೆ ಅದರ ಅರಿವೇ ಇರಲಿಲ್ಲ.

ನಾನು ಎತ್ತಿಕೊಡಲೆಂದು ಬಗ್ಗಿದೆ. ಸರ್ ನನ್ನ ಕಡೆ ನೋಡಿ ಕಣ್ಣಿನಲ್ಲೇ ಬೇಡವೆಂದರು.